ಬೀಗರ ಬಿಸಿನೀರು

ಜನವರಿ 6

ಪೂಜ್ಯ ಬೀಗಿತ್ತಿಯವರಿಗೆ ಹುಡುಗಿಯ ತಂದೆ ಮಾಡುವ ವಿನಯಪೂರ್ವಕ ನಮಸ್ಕಾರಗಳು.

ಮಾತುಕತೆಗೆ ಬಂದ ದಿನ ತಾವು ನಮ್ಮನ್ನು ನೋಡಿಕೊಂಡ ರೀತಿಯನ್ನು ನನ್ನ ಮನೆಯವಳು ಇನ್ನೂ ಮರೆತಿಲ್ಲ. ತಾವು ಊರಿನವರಿಗಾಗಿ ನಡೆಸುವ ಸ್ನಾನದ ಮನೆಯ ಬಿಸಿನೀರಿನಲ್ಲಿ ಮಿಂದ ಮೇಲೆ ಅವಳ ಸೊಂಟನೋವು ಹೇಳದೆ ಕೇಳದೆ ಹೊರಟುಹೋಯಿತಂತೆ. ಇಲ್ಲಿಗೆ ಬಂದ ಮೇಲೆ ತಿರುಗಿ ಬಂದಿದೆ, ಆ ಮಾತು ಬೇರೆ. ನರ್ಸ್ ತರಬೇತಿಗೆಂದು ತಮ್ಮ ಊರಿಗೆ ಬಂದ ನಮ್ಮ ಹುಡುಗಿ, ಹಾಸ್ಟೆಲಿನಲ್ಲಿ ಬಿಸಿನೀರಿಲ್ಲ ಎಂದು ತಮ್ಮಲ್ಲಿಗೆ ಸ್ನಾನಕ್ಕೆ ಬಂದು, ಟೋಕನ್ ಕೊಡುವ ತಮ್ಮ ಹುಡುಗನನ್ನೇ ಒಪ್ಪಿಕೊಂಡು, ತರಬೇತಿ ಮುಗಿಸಿ ಮನೆಗೆ ಬರುತ್ತಾಳೆಂದು ಯಾರು ಕನಸು ಕಂಡಿದ್ದರು. ಆದದ್ದೆಲ್ಲ ಒಳ್ಳೆಯದಕ್ಕೇ.

ಈಗ ವಿಷಯಕ್ಕೆ ಬರುತ್ತೇನೆ. ತಮ್ಮ ಬೀದಿಯ ಆಸ್ಪತ್ರೆಯಲ್ಲಿ ಮಕ್ಕಳ ವಾರ್ಡು ತೆರೆಯುವುದರಿಂದ ಮಾರ್ಚ್ ಒಂದರಿಂದ ಆ ಬೀದಿಯಲ್ಲಿ ಯಾರೂ ಸೌದೆ ಉರಿಸಬಾರದು ಎಂದು ನೋಟಿಸು ಬಂದಿದೆಯಂತೆ. ಕರೆಂಟಿನಲ್ಲಿ ಕಾಯಿಸೋಣವೆಂದರೆ ಕಟ್ಟಡದ ಹಳೆಯ ವೈರು ಅಷ್ಟು ಭಾರ ತಡೆಯುವುದಿಲ್ಲವಂತೆ. ಸ್ನಾನದ ಮನೆ ನಿಲ್ಲುತ್ತದೋ ಮುಚ್ಚುತ್ತದೋ ತಿಳಿಯುವವರೆಗೆ ಮದುವೆಯ ದಿನ ಗೊತ್ತುಮಾಡುವುದು ಬೇಡ, ಮುಚ್ಚಿದರೆ ಬೇರೆ ಊರಿನಲ್ಲಿ ಕೆಲಸ ಹುಡುಕಿ ಕಾಲೂರಿದ ಮೇಲೆ ನೋಡೋಣ ಎಂದು ತಮ್ಮ ಹುಡುಗ ನಮ್ಮ ಹುಡುಗಿಗೆ ಹೇಳಿದ್ದಾನೆ. ಹುಡುಗನ ಮಾತಿನಲ್ಲಿ ತಪ್ಪಿಲ್ಲ. ಆದರೆ ಅಂದಿನಿಂದ ನಮ್ಮ ಮನೆಯಲ್ಲಿ ಯಾರೂ ಕ್ಯಾಲೆಂಡರಿನ ಕಡೆ ನೋಡುತ್ತಿಲ್ಲ.

ಹೈಸ್ಕೂಲಿನಲ್ಲಿ ಭೌತಶಾಸ್ತ್ರ ಹೇಳಿ ಹೇಳಿ ತಲೆ ನರೆತ ನಾನು ಸುಮ್ಮನೆ ಕೂರುವುದು ಹೇಗೆ. ಶಾಖ ಮೂರು ದಾರಿಯಲ್ಲಿ ಪ್ರಯಾಣ ಮಾಡುತ್ತದೆ. ಒಲೆಯ ಮೇಲಿನ ಪಾತ್ರೆಯಲ್ಲಿಟ್ಟ ಸೌಟಿನ ಹಿಡಿ ಸುಡುತ್ತದಲ್ಲ, ಅದು ವಹನ. ಹಂಡೆಯ ತಳದ ನೀರು ಕಾದು ಮೇಲೇಳುತ್ತದಲ್ಲ, ಅದು ಸಂವಹನ. ಒಲೆಯನ್ನು ಮುಟ್ಟದೆ ಅದರೆದುರು ಸುಮ್ಮನೆ ಕೂತರೂ ಮುಖ ಬಿಸಿಯಾಗುತ್ತದಲ್ಲ, ಅದು ವಿಕಿರಣ. ಸೂರ್ಯನ ಶಾಖ ಏನೂ ಇಲ್ಲದ ಆಕಾಶವನ್ನು ದಾಟಿ ನಮ್ಮ ತಲೆಯ ಮೇಲೆ ಬೀಳುವುದು ಹೀಗೇ. ಅದಕ್ಕೆ ಸೌದೆ ಬೇಡ, ಹೊಗೆಯಿಲ್ಲ, ನೋಟಿಸೂ ಬರುವುದಿಲ್ಲ.

ತಮ್ಮ ತಾರಸಿಯ ಮೇಲೆ ಕಬ್ಬಿಣದ ಪೀಪಾಯಿಗಳನ್ನು ಸಾಲಾಗಿ ಇಟ್ಟು, ಕಪ್ಪು ಬಣ್ಣ ಬಳಿಸಿ, ನೀರು ತುಂಬಿಸಿ. ಕಪ್ಪು ಬಿಸಿಲನ್ನು ಹೀರುತ್ತದೆ. ಇದು ಪರೀಕ್ಷೆಯಲ್ಲಿ ಪ್ರತಿವರ್ಷ ಬರುವ ಪ್ರಶ್ನೆ. ಚಿತ್ರ ಬರೆದು ಇಟ್ಟಿದ್ದೇನೆ. ಫೋನಿನಲ್ಲಿ ಚಿತ್ರ ವಿವರಿಸುವುದು ನನ್ನ ಕೈಲಾಗದ ಕೆಲಸ, ಅದಕ್ಕೇ ಈ ಕಾಗದ.

ತಮ್ಮ ವಿಧೇಯ,
ಹುಡುಗಿಯ ತಂದೆ

ಜನವರಿ 15

ಮಾನ್ಯ ಬೀಗರಿಗೆ ಹುಡುಗನ ತಾಯಿಯ ನಮಸ್ಕಾರಗಳು.

ಕಾಗದ ಬರೆದದ್ದು ಒಳ್ಳೆಯದಾಯಿತು. ಫೋನು ಹಿಡಿಯಲು ನನ್ನ ಕೈ ಒಣಗಿರುವುದೇ ಅಪರೂಪ. ಕಾಗದವಾದರೆ ಮಧ್ಯಾಹ್ನ ಊಟ ಮುಗಿಸಿ ಕಾಲು ಚಾಚಿ ಓದಬಹುದು. ನಮ್ಮ ಒಲೆಯಲ್ಲಿ ಇಷ್ಟೆಲ್ಲ ಶಾಸ್ತ್ರವಿದೆ ಎಂದು ನನಗೆ ಗೊತ್ತೇ ಇರಲಿಲ್ಲ. ನಮ್ಮ ಅತ್ತೆಯ ಕಾಲದಿಂದ ಅದಕ್ಕೆ ಸೌದೆ ತುಂಬುತ್ತಿದ್ದೇವೆ, ಬೈಯುತ್ತಿದ್ದೇವೆ, ಅಷ್ಟೇ.

ತಾವು ಹೇಳಿದ ಹಾಗೇ ಪೀಪಾಯಿ ತರಿಸಿದೆವು. ಬಣ್ಣದವನು ಕಪ್ಪು ಡಬ್ಬ ನೋಡಿ, "ಯಾರಾದ್ರೂ ಹೋಗ್ಬಿಟ್ರಾ ಅಕ್ಕ?" ಅಂದ. "ಇಲ್ಲಪ್ಪ, ನಮ್ಮ ಬೀಗರು ಹೇಳಿದ್ದು" ಅಂದೆ. "ಹಾಗಾದ್ರೆ ಎರಡು ಕೋಟ್ ಹೊಡೀತೀನಿ, ಬೀಗರ ವಿಷಯ" ಅಂದ. ನಮ್ಮ ಹುಡುಗ ಒಂದೂ ಮಾತಾಡದೆ ಪೀಪಾಯಿಗಳನ್ನೆಲ್ಲ ಹೆಗಲ ಮೇಲೆ ಹೊತ್ತು ತಾರಸಿಗೆ ಸಾಗಿಸಿದ. ಅವನು ಮೊದಲಿನಿಂದಲೂ ಹಾಗೇ, ಮಾತಿಗೆ ಟೋಕನ್ ಕೊಟ್ಟವನ ಹಾಗೆ ಲೆಕ್ಕ ಹಾಕಿ ಆಡುತ್ತಾನೆ.

ಮಧ್ಯಾಹ್ನ ಮೂರರ ಹೊತ್ತಿಗೆ ಪೀಪಾಯಿಯ ಮೈ ಮುಟ್ಟಿದರೆ ಕೈ ಚುರ್ ಅನ್ನುತ್ತದೆ. ನೀರು ಬಹಳ ಚೆನ್ನಾಗಿದೆ. ನಮ್ಮ ವ್ಯಾಪಾರವೆಲ್ಲ ಬೆಳಕು ಹರಿಯುವ ಮುಂಚೆ ಎಂದು ತಮಗೆ ಗೊತ್ತೇ ಇದೆ. ಬಸ್ಸಿನವರು, ಬೇಕರಿಯವರು, ಪೇಪರ್ ಹಾಕುವವರು ಮಿಂದು ಕೆಲಸಕ್ಕೆ ಹೋಗುತ್ತಾರೆ. ಈಗ ಅವರಿಗೆಲ್ಲ ಎಲ್ಲಿಲ್ಲದ ಉತ್ಸಾಹ ಬಂದಿದೆ. ಬಾಯಿ ಬಿಡದೆ ಮಿಂದು ಹೋಗುತ್ತಿದ್ದವರು ಈಗ ಮೊದಲ ಚೊಂಬು ಸುರಿದುಕೊಂಡ ಕೂಡಲೇ ಹಾಡಲು ಶುರುಮಾಡುತ್ತಾರೆ. ಮೊದಲ ಬಸ್ಸಿನ ಡ್ರೈವರ್ ಒಬ್ಬನಿದ್ದಾನೆ. ಬಸ್ಸಿಗಿಂತ ಅವನ ಗಂಟಲೇ ದೊಡ್ಡದೆಂದು ಬೀದಿಯವರು ಅವನಿಗೆ ಹಾರ್ನ್ ಎಂದು ಹೆಸರಿಟ್ಟಿದ್ದಾರೆ. ಮೊನ್ನೆ ಅವನು ಹಾಡಿದ್ದು ಎದುರಿನ ಆಸ್ಪತ್ರೆಗೂ ಕೇಳಿಸಿತಂತೆ.

ತಮ್ಮ ಮನೆಯವರ ಸೊಂಟಕ್ಕೆ ನನ್ನ ನಮಸ್ಕಾರ ತಿಳಿಸಿ.

ಹುಡುಗನ ತಾಯಿ

ಜನವರಿ 22

ಬೀಗಿತ್ತಿಯವರಿಗೆ ಸಂತೋಷದ ನಮಸ್ಕಾರಗಳು.

ತಮ್ಮ ಕಾಗದವನ್ನು ನಾನು ಸ್ಟಾಫ್ ರೂಮಿನಲ್ಲಿ ಗಟ್ಟಿಯಾಗಿ ಓದಿದೆ. "ಕೈ ಚುರ್ ಅನ್ನುತ್ತದೆ" ಎಂಬಲ್ಲಿಗೆ ಬಂದಾಗ ಗಣಿತದ ಮೇಷ್ಟ್ರು, ಎಂದೂ ನನ್ನ ಮಾತಿಗೆ ತಲೆಯೆತ್ತದವರು, ಕನ್ನಡಕ ತೆಗೆದು ನೋಡಿದರು. ಗಿರಾಕಿಗಳು ಹಾಡುತ್ತಾರೆಂಬುದನ್ನು ಎರಡು ಸಲ ಓದಿಸಿದರು. ಹೆಡ್‌ಮಾಸ್ಟರು ಫೆಬ್ರವರಿ ಹದಿನಾಲ್ಕಕ್ಕೆ ಪುರಭವನದಲ್ಲಿ ನನ್ನ ಭಾಷಣ ಇಡಿಸಿದ್ದಾರೆ. ವಿಷಯ: "ಬೆಂಕಿಯಿಲ್ಲದ ಬಿಸಿನೀರು". ಮಕ್ಕಳು ನನ್ನನ್ನು ಸೂರ್ಯ ಮೇಷ್ಟ್ರು ಎಂದು ಕರೆಯುತ್ತಿದ್ದಾರೆ, ನಾನು ಕೇಳಿಸದ ಹಾಗೆ ಇರುತ್ತೇನೆ.

ಗೆದ್ದ ಮೇಲೆ ಅನುಮಾನ ಯಾಕೆ. ಇನ್ನೂ ನಾಲ್ಕು ಪೀಪಾಯಿ ಇಡಿಸಿ. ಒಲೆಯನ್ನು ಕಿತ್ತುಹಾಕಿಸಿ, ಆ ಜಾಗದಲ್ಲಿ ಗಿರಾಕಿಗಳಿಗೆ ಕೂರಲು ಬೆಂಚು ಮಾಡಿಸಬಹುದು. ಮಾರ್ಚ್ ಒಂದರವರೆಗೆ ಕಾಯುವುದೇ ಬೇಡ. ದಿನ ನೋಡಿಬಿಡೋಣ ಎಂದು ನನ್ನ ಮನೆಯವಳೂ ಹೇಳುತ್ತಿದ್ದಾಳೆ. ಹುಡುಗಿ ಮಾತ್ರ, "ಸ್ವಲ್ಪ ತಡೀರಿ ಅಪ್ಪ, ಅವರೇ ಹೇಳಲಿ" ಎಂದಳು. ಹೆಣ್ಣುಮಕ್ಕಳಿಗೆ ಸಂಕೋಚ ಇರುತ್ತದಲ್ಲ.

ತಮ್ಮ,
ಹುಡುಗಿಯ ತಂದೆ

ಜನವರಿ 30

ಬೀಗರಿಗೆ ನಮಸ್ಕಾರ.

ಪುರಭವನದ ಭಾಷಣದ ಸುದ್ದಿ ಓದಿ ಬಹಳ ಸಂತೋಷವಾಯಿತು, ಸ್ವಲ್ಪ ಗಾಬರಿಯೂ ಆಯಿತು. ಅಷ್ಟೊಂದು ಜನರೆದುರು ಹೇಳುವಷ್ಟು ದೊಡ್ಡ ವಿಷಯವೇ ಇದು? ತಾವು ಬೇರೆ ಏನಾದರೂ ಒಳ್ಳೆಯ ವಿಷಯ ಆರಿಸಿಕೊಂಡರೆ, ಚಂದ್ರನೋ ನಕ್ಷತ್ರವೋ, ಜನರಿಗೆ ಇನ್ನೂ ಹಿಡಿಸಬಹುದು.

ಪೀಪಾಯಿಗಳು ಚೆನ್ನಾಗಿವೆ. ಬಣ್ಣ ಎಲ್ಲೂ ಎದ್ದಿಲ್ಲ. ಒಲೆ ಕೀಳಿಸುವ ವಿಷಯ ಹೇಳಿದಿರಿ. ಕೀಳಿಸಬಹುದು, ಆದರೆ ಬೆಕ್ಕೊಂದು ಬಂದು ಆ ಒಲೆಗೆ ಅಂಟಿದ ಗೂಡಿನಲ್ಲೇ ಮರಿ ಹಾಕಿಬಿಟ್ಟಿದೆ. ಮೂರು ಮರಿ. ಅಲ್ಲಿಂದ ಎತ್ತಿ ಬೇರೆ ಕಡೆ ಬಿಟ್ಟರೂ ತಾಯಿ ಕಚ್ಚಿಕೊಂಡು ಅಲ್ಲಿಗೇ ತರುತ್ತದೆ. ಬಾಣಂತಿಯನ್ನು ಎಬ್ಬಿಸುವುದು ಹೇಗೆ ಹೇಳಿ. ಮರಿ ಕಣ್ಣು ಬಿಡಲಿ, ಆಮೇಲೆ ನೋಡೋಣ.

ದಿನ ನೋಡುವುದಕ್ಕೂ ಅವಸರ ಬೇಡವೇನೋ. ನಮ್ಮ ಹುಡುಗ ಮಾರ್ಚ್ ಒಂದು ಕಳೆಯಲಿ ಎನ್ನುತ್ತಾನೆ. ತಾವು ತಪ್ಪು ತಿಳಿಯಬಾರದು.

ಹುಡುಗನ ತಾಯಿ

ಫೆಬ್ರವರಿ 5

ಬೀಗಿತ್ತಿಯವರೇ,

ತಮ್ಮ ಕಾಗದವನ್ನು ನಾಲ್ಕು ಸಲ ಓದಿದೆ. ಅಡ್ಡಗೋಡೆಯ ಮೇಲೆ ದೀಪವಿಟ್ಟ ಹಾಗಿದೆ. ಐದನೆಯ ಸಲ ಓದುವಾಗ ನನ್ನ ಮನೆಯವಳು ಬಂದು ಹೆಗಲ ಮೇಲಿಂದ ಇಣುಕಿದಳು. "ಬೆಕ್ಕು ತಣ್ಣಗಿರೋ ಒಲೆ ಪಕ್ಕ ಮಲಗತ್ತೇನ್ರೀ?" ಅಂದಳು, ಒಳಗೆ ಹೋದಳು.

ನಾನು ಅಲ್ಲೇ ಕೂತುಬಿಟ್ಟೆ. ಬೆಕ್ಕಿಗೆ ಭೌತಶಾಸ್ತ್ರ ಗೊತ್ತು. ಊರಿನಲ್ಲಿ ಎಲ್ಲಿ ಬೆಚ್ಚಗಿದೆಯೋ ಅಲ್ಲೇ ಅದು ಮರಿ ಹಾಕುವುದು. ಹಾಗಾದರೆ ತಮ್ಮ ಒಲೆ ಇನ್ನೂ ಬೆಚ್ಚಗಿದೆ. ಅಂದರೆ ಅದು ದಿನಾ ಉರಿಯುತ್ತಿದೆ.

ಆಮೇಲೆ ಆ ಹಾಡುಗಳು ನೆನಪಾದವು. ಬಿಸಿನೀರು ಮೈಮೇಲೆ ಬಿದ್ದರೆ ಮನುಷ್ಯ ಕಣ್ಣು ಮುಚ್ಚಿ ಸುಮ್ಮನಾಗುತ್ತಾನೆ. ಗಂಟಲು ಹರಿಯುವ ಹಾಗೆ ಹಾಡುವುದು ತಣ್ಣೀರು ಬಿದ್ದಾಗ. ಇದನ್ನು ಸ್ಟಾಫ್ ರೂಮಿನಲ್ಲಿ ಎರಡು ಸಲ ಓದಿದ ನಾನು ಎಂಥ ಮೇಷ್ಟ್ರು.

ಈ ಕಾಗದದ ಜೊತೆ ಒಂದು ಥರ್ಮಾಮೀಟರನ್ನು ಹತ್ತಿಯಲ್ಲಿ ಸುತ್ತಿ ಕಳಿಸಿದ್ದೇನೆ. ಸಂಜೆ ಒಂದು ಸಲ, ಬೆಳಗ್ಗೆ ಒಂದು ಸಲ ಪೀಪಾಯಿಯಲ್ಲಿ ಅದ್ದಿ ನೋಡಿ ಬರೆಯಿರಿ. ಬೀಗರು ಎಂಬುದನ್ನು ದಯವಿಟ್ಟು ಒಂದು ಕಾಗದದ ಮಟ್ಟಿಗೆ ಪಕ್ಕಕ್ಕಿಟ್ಟು ಬರೆಯಿರಿ.

ಮೇಷ್ಟ್ರು

ಫೆಬ್ರವರಿ 9

ಮೇಷ್ಟ್ರೇ,

ನಿಮ್ಮ ಕಾಗದ ಓದಿ ಮೊದಲು ಬೆಕ್ಕಿನ ಮೇಲೆ ಸಿಟ್ಟು ಬಂತು. ಆಮೇಲೆ ಎಷ್ಟು ಹಗುರವಾಯಿತು ಎಂದರೆ, ಒಬ್ಬಳೇ ಕೂತು ನಕ್ಕೆ. ಪಕ್ಕಕ್ಕಿಡಿ ಎಂದಿರಲ್ಲ, ಇಟ್ಟಿದ್ದೇನೆ. ಈಗ ಕೇಳಿ.

ಹಾಡಲ್ಲ ಅದು, ಗೋಳು. ಮೊದಲ ದಿನ ಬೆಳಗ್ಗೆ ಹಾರ್ನ್ ಒಂದು ಚೊಂಬು ಸುರಿದುಕೊಂಡವನು ಟವೆಲಿನಲ್ಲೇ ಹೊರಗೆ ಓಡಿ ಬಂದು, "ಅಕ್ಕ, ಇದು ಸ್ನಾನಾನಾ ಶಿಕ್ಷೇನಾ, ನಾನೇನು ತಪ್ಪು ಮಾಡಿದೀನಿ ಹೇಳಿ" ಎಂದು ಕೇಳಿದ. ಐದು ದಿನ ನನ್ನ ಮುಖ ನೋಡಿಕೊಂಡು ತಡೆದುಕೊಂಡರು. ಆರನೆಯ ದಿನ ಬೇಕರಿಯವರು ಬರಲಿಲ್ಲ. ಅವತ್ತೇ ಒಲೆ ಹೊತ್ತಿಸಿದೆ. ಅಂದಿನಿಂದ ಅದು ಉರಿಯುತ್ತಲೇ ಇದೆ, ಬೆಕ್ಕು ಕಾಲು ಚಾಚಿ ಮಲಗಿದೆ.

ಯಾಕೆ ಹೇಳಲಿಲ್ಲ ಎಂದು ಕೇಳುತ್ತೀರಿ. ಬೀಗರು ಅಷ್ಟು ಪ್ರೀತಿಯಿಂದ ಚಿತ್ರ ಬರೆದು ಕಳಿಸಿದರೆ ಅದಕ್ಕೆ ತಣ್ಣೀರೆರಚುವುದು ಹೇಗೆ? ಎರಚಲು ತಣ್ಣೀರು ನನ್ನ ಹತ್ತಿರ ಬೇಕಾದಷ್ಟಿತ್ತು, ಅದು ಬೇರೆ. ನಮ್ಮ ಹುಡುಗನಿಗೂ ಬಾಯಿ ಬಿಡಬೇಡ ಎಂದಿದ್ದೆ. ಹೆಣ್ಣು ಕೊಡುವವರ ಮನಸ್ಸು ನೋಯಿಸಿದರೆ ನಾಳೆ ಆ ಹುಡುಗಿ ಈ ಮನೆಗೆ ಯಾವ ಮುಖದಿಂದ ಬಂದಾಳು ಎಂದು ಹೆದರಿದ್ದೆ. ಈಗ ನೋಡಿದರೆ ತಿಂಗಳೇ ಹಾಳಾಯಿತು. ಮಾರ್ಚ್ ಒಂದಕ್ಕೆ ಇನ್ನು ಮೂರು ವಾರವೂ ಇಲ್ಲ. ನನಗೆ ನಿಜವಾಗಿ ಭಯವಾಗುತ್ತಿದೆ ಮೇಷ್ಟ್ರೇ. ಈ ಮನೆ ಮುಚ್ಚಿದರೆ ಹುಡುಗ ಹೋಗುತ್ತಾನೆ, ಮದುವೆ ಎಷ್ಟು ವರ್ಷ ಮುಂದಕ್ಕೆ ಬೀಳುತ್ತದೋ.

ನಿಮ್ಮ ಗಾಜಿನ ಕಡ್ಡಿ ಅದ್ದಿದೆ. ಸಂಜೆ ನಲವತ್ತೊಂದು. ಬೆಳಗ್ಗೆ ಹತ್ತೊಂಬತ್ತು. ಮೊದಲು ಕಡ್ಡಿಯೇ ಕೆಟ್ಟಿದೆ ಎಂದುಕೊಂಡೆ. ಆಮೇಲೆ ಕೈ ಅದ್ದಿದೆ, ಕಡ್ಡಿ ಸರಿಯಾಗಿತ್ತು.

ಒಂದು ಪ್ರಶ್ನೆ ಕೇಳುತ್ತೇನೆ. ಕಪ್ಪು ಬಣ್ಣ ಬಿಸಿಲನ್ನು ಹೀರುತ್ತದೆ ಎಂದಿರಿ. ಹಗಲು ಹೀರಿತು, ಒಪ್ಪಿದೆ. ರಾತ್ರಿ ಅದು ಏನು ಮಾಡುತ್ತಿರುತ್ತದೆ?

ಹುಡುಗನ ತಾಯಿ

ಫೆಬ್ರವರಿ 15

ಬೀಗಿತ್ತಿಯವರೇ,

ನಿಮ್ಮ ಪ್ರಶ್ನೆ ನನ್ನನ್ನು ಎರಡು ದಿನ ಊಟ ಮಾಡಲು ಬಿಡಲಿಲ್ಲ, ಅಷ್ಟು ಖುಷಿಯಾಯಿತು. ಕಪ್ಪು ರಾತ್ರಿ ಏನು ಮಾಡುತ್ತದೆ ಎಂದು ಇಷ್ಟು ವರ್ಷದಲ್ಲಿ ಒಬ್ಬ ಹುಡುಗನೂ ನನ್ನನ್ನು ಕೇಳಿಲ್ಲ, ನಾನೂ ಕೇಳಿಕೊಂಡಿಲ್ಲ. ಪ್ರಶ್ನೆಪತ್ರಿಕೆಯಲ್ಲಿ ಯಾವಾಗಲೂ ಹಗಲೇ.

ಎರಡು ಪೌಡರ್ ಡಬ್ಬ ತಂದೆ. ಒಂದಕ್ಕೆ ದೀಪದ ಮಸಿ ಹಿಡಿಸಿದೆ, ಇನ್ನೊಂದನ್ನು ಫಳಫಳ ಹೊಳೆಯುವ ಹಾಗೆ ಉಜ್ಜಿಸಿದೆ. ಎರಡಕ್ಕೂ ಒಂದೇ ಕೆಟಲಿನ ಬಿಸಿನೀರು ಸುರಿದು, ಥರ್ಮಾಮೀಟರು ಇಳಿಬಿಟ್ಟು ಕ್ಲಾಸಿನ ಮಧ್ಯೆ ಇಟ್ಟೆ. ಮಕ್ಕಳು ಬೆಂಚಿನ ಮೇಲೆ ಹತ್ತಿ ನಿಂತರು. "ಸಾರ್, ಕಪ್ಪು ಡಬ್ಬ ಇಳೀತಿದೆ, ಇನ್ನೊಂದು ಹಂಗೇ ಇದೆ" ಎಂದು ಕೂಗಿದ್ದಕ್ಕೆ ಪಕ್ಕದ ಕ್ಲಾಸಿನವರೂ ಬಂದರು. ಗಂಟೆ ಹೊಡೆದರೂ ಯಾರೂ ಕದಲಲಿಲ್ಲ. ಕೊನೆಗೆ ಕಪ್ಪು ಡಬ್ಬ ಮೊದಲು ತಣ್ಣಗಾಯಿತು.

ಇಷ್ಟೇ ಗುಟ್ಟು. ಯಾವುದು ಚೆನ್ನಾಗಿ ಹೀರುತ್ತದೋ ಅದು ಅಷ್ಟೇ ಚೆನ್ನಾಗಿ ಬಿಡುತ್ತದೆ. ಹಗಲೆಲ್ಲ ಸೂರ್ಯನಿಂದ ಇಸಿದುಕೊಂಡದ್ದನ್ನು ನಮ್ಮ ಪೀಪಾಯಿ ರಾತ್ರಿಯೆಲ್ಲ ಆಕಾಶಕ್ಕೆ ಧಾರಾಳವಾಗಿ ಹಂಚುತ್ತಿತ್ತು. ಜೊತೆಗೆ ಗಾಳಿಯೂ ಮೈಸವರಿ ತನ್ನ ಪಾಲು ಒಯ್ಯುತ್ತಿತ್ತು.

ನಿನ್ನೆ ಪುರಭವನದ ಭಾಷಣ. ನನ್ನ ಮನೆಯವಳು, "ಹೊಟ್ಟೆನೋವು ಅಂತ ಹೇಳಿಕಳಿಸಿ" ಎಂದಳು. ನಾನು ಹೋದೆ. ಬೆಂಕಿಯಿಲ್ಲದ ಬಿಸಿನೀರನ್ನು ಹೇಗೆ ತಣ್ಣಗೆ ಮಾಡಿದೆ ಎಂದೇ ಹೇಳಿದೆ. ಹಾಡು, ಬೆಕ್ಕು, ಎಲ್ಲ ಹೇಳಿದೆ. ಜನ ನಕ್ಕೂ ನಕ್ಕೂ ಕಣ್ಣೊರೆಸಿಕೊಂಡರು. ಗಣಿತದ ಮೇಷ್ಟ್ರು ಎದ್ದು ಬಂದು ಕೈಕುಲುಕಿ, "ಇವತ್ತು ನನಗೆ ಅರ್ಥವಾಯ್ತು ನೋಡಿ" ಎಂದರು. ಮನೆಗೆ ಬಂದು ಹುಡುಗಿಗೆ ಹೇಳಿದರೆ ಅವಳು, "ನನಗೆ ಜನವರಿಯಲ್ಲೇ ಗೊತ್ತಿತ್ತು ಅಪ್ಪ" ಎಂದಳು. ನಿಮ್ಮ ಹುಡುಗ ಬಾಯಿ ಬಿಡದಿದ್ದದ್ದು ನಿಮ್ಮೆದುರು ಮಾತ್ರ. ಮತ್ತೆ ಯಾಕೆ ಹೇಳಲಿಲ್ಲ ಎಂದರೆ, "ಅಷ್ಟು ಖುಷಿಯಾಗಿ ಓಡಾಡ್ತಿದ್ರಲ್ಲ, ಹೆಂಗೆ ಹೇಳೋದು" ಎನ್ನುತ್ತಾಳೆ. ಎರಡು ಮನೆಯವರೂ ಒಬ್ಬರನ್ನೊಬ್ಬರು ಹೀಗೆ ಕಾಪಾಡುತ್ತ ಕೂತಿದ್ದರೆ ಮುಳುಗಿಯೇ ಹೋಗುತ್ತಿದ್ದೆವು.

ಈಗ ಮಾಡಬೇಕಾದ್ದು. ಪೀಪಾಯಿಗಳನ್ನು ಮರದ ಪೆಟ್ಟಿಗೆಯಲ್ಲಿಟ್ಟು ಮೇಲೆ ಗಾಜು ಮುಚ್ಚಿಸಿ. ಗಾಜು ಬಿಸಿಲನ್ನು ಒಳಗೆ ಬಿಡುತ್ತದೆ, ಒಳಗಿನ ಶಾಖವನ್ನು ಅಷ್ಟು ಸುಲಭವಾಗಿ ಹೊರಗೆ ಬಿಡುವುದಿಲ್ಲ, ಗಾಳಿಗೂ ತಡೆ. ಸೂರ್ಯ ಇಳಿದ ಕೂಡಲೇ ನೀರನ್ನು ತಾರಸಿಯಲ್ಲಿ ಬಿಡದೆ ಕೆಳಗೆ ಒಲೆಯ ಹಿಂದಿರುವ ಇಟ್ಟಿಗೆ ತೊಟ್ಟಿಗೆ ಇಳಿಸಿ. ತೊಟ್ಟಿಯ ಸುತ್ತ ಹಲಗೆ ಕಟ್ಟಿಸಿ ಮಧ್ಯದಲ್ಲಿ ಮರದ ಹೊಟ್ಟು ಗಿಡಿದು ತುಂಬಿಸಿ. ಹೊಟ್ಟಿನೊಳಗೆ ಸಿಕ್ಕಿಬಿದ್ದ ಗಾಳಿ ಅಲ್ಲಾಡುವುದಿಲ್ಲ, ಅಲ್ಲಾಡದ ಗಾಳಿ ಶಾಖವನ್ನು ದಾಟಿಸುವುದಿಲ್ಲ. ಚಿತ್ರ ಇಟ್ಟಿದ್ದೇನೆ. ತಪ್ಪಿದ್ದರೆ ಬೈದು ಬರೆಯಿರಿ.

ಮೇಷ್ಟ್ರು

ಫೆಬ್ರವರಿ 20

ಬೀಗರೇ,

ಬೈದು ಬರೆಯಿರಿ ಎಂದಿರಿ, ಬರೆಯುತ್ತಿದ್ದೇನೆ. ನೀರು ತೆಗೆಯುವ ನಲ್ಲಿಯನ್ನು ಪೀಪಾಯಿಯ ತಳದಲ್ಲಿ ಬರೆದಿದ್ದೀರಲ್ಲ, ಕಾದ ನೀರು ಮೇಲೇಳುತ್ತದೆ ಎಂದು ಮೊದಲ ಕಾಗದದಲ್ಲಿ ಹೇಳಿದವರು ಯಾರು? ತಳದ ತಣ್ಣೀರೂ ಇಳಿದು ಬಂದು ತೊಟ್ಟಿಯಲ್ಲಿ ಬೆರೆತು ಎಲ್ಲವೂ ಉಗುರುಬೆಚ್ಚಗಾಯಿತು. ನಲ್ಲಿಯನ್ನು ಅರ್ಧಕ್ಕಿಂತ ಮೇಲೆ ಹಾಕಿಸಿದೆ. ಈಗ ಮೇಲಿನ ಬಿಸಿನೀರು ಮಾತ್ರ ಇಳಿಯುತ್ತದೆ, ತಳದ್ದು ನಾಳೆಯ ಬಿಸಿಲಿಗೆ ಉಳಿಯುತ್ತದೆ. ನಿಮ್ಮ ಚಿತ್ರವನ್ನು ಮಡಚಿ ಅಲ್ಲಾಡುತ್ತಿದ್ದ ಮೇಜಿನ ಕಾಲಿಗೆ ಕೊಟ್ಟಿದ್ದೇನೆ. ಮೇಜು ಈಗ ಗಟ್ಟಿಯಾಗಿ ನಿಂತಿದೆ.

ಮರದ ಹೊಟ್ಟನ್ನು ಪಕ್ಕದ ಬಡಗಿ ಕೊಟ್ಟ. ಅವನು ಹೊಟ್ಟು ತುಂಬುತ್ತ, "ಇಷ್ಟು ದಿನ ಮರ ಸುಟ್ಟು ನೀರು ಕಾಯಿಸಿದ್ರಿ, ಈಗ ನೀರಿಗೆ ಮರದ ಕಂಬಳಿ ಹೊದಿಸ್ತಿದ್ದೀರಿ, ಒಳ್ಳೇ ಕತೆ ಅಕ್ಕ" ಎಂದ. ನಮ್ಮ ಹುಡುಗ ಗಾಜು ಕೂರಿಸುವಾಗ ಬೆರಳು ಕೊಯ್ದುಕೊಂಡ. ನೀವು ಗಾಬರಿಯಾಗಬೇಡಿ, ಸಣ್ಣ ಗಾಯ. ನಿಮ್ಮ ಮಗಳಿಗೆ ಈಗಾಗಲೇ ಸುದ್ದಿ ಮುಟ್ಟಿ, ಯಾವ ಮುಲಾಮು ಹಚ್ಚಬೇಕೆಂದು ಅಲ್ಲಿಂದ ಅಪ್ಪಣೆಯೂ ಆಗಿದೆ.

ಈಗ ಕೇಳಿ. ನಿನ್ನೆ ಸಂಜೆ ತೊಟ್ಟಿಯಲ್ಲಿ ಐವತ್ತನಾಲ್ಕು. ಇವತ್ತು ಬೆಳಗ್ಗೆ ನಲವತ್ತೆಂಟು.

ನಲವತ್ತೆಂಟು ನೋಡಿದ ಮೇಲೆ ನಾನು ಕಡ್ಡಿಯನ್ನು ಒರೆಸಿ ಇನ್ನೊಂದು ಸಲ ಅದ್ದಿದೆ. ಹುಡುಗನನ್ನು ಎಬ್ಬಿಸಿ ತೋರಿಸಿದೆ. ಅವನು ನೋಡಿ, "ಹೂಂ" ಎಂದ. ಆ ಹೂಂ ಎಷ್ಟು ದೊಡ್ಡದೆಂದು ಹೆತ್ತವಳಿಗೇ ಗೊತ್ತು. ಹಾರ್ನ್ ಒಳಗೆ ಹೋದವನು ಬಹಳ ಹೊತ್ತು ಸದ್ದೇ ಮಾಡಲಿಲ್ಲ. ಏನಾಯಿತೋ ಎಂದು ಬಾಗಿಲು ತಟ್ಟಿದರೆ, "ಇದೀನಿ ಅಕ್ಕ, ಸುಮ್ನಿರಿ" ಎಂದ. ಬಸ್ಸು ಹತ್ತು ನಿಮಿಷ ತಡವಾಗಿ ಹೊರಟಿತಂತೆ.

ಇನ್ನೊಂದು ವಿಷಯ ಮಾತ್ರ ಮನಸ್ಸು ಕೊರೆಯುತ್ತಿದೆ. ಮೋಡ ಬಂದರೆ? ತಿಂಗಳ ಕೊನೆಗೆ ಮೋಡ ಎಂದು ರೇಡಿಯೋದಲ್ಲಿ ಹೇಳುತ್ತಿದ್ದಾರೆ. ಮಾರ್ಚ್ ಒಂದಕ್ಕೆ ಒಲೆ ಹೊತ್ತಿಸುವ ಹಾಗಿಲ್ಲ. ಆ ಮೊದಲ ದಿನವೇ ತಣ್ಣೀರಾದರೆ ಜನ ಸ್ಟೇಷನ್ನಿನ ಹತ್ತಿರದ ಸ್ನಾನದ ಮನೆ ಹುಡುಕಿಕೊಳ್ಳುತ್ತಾರೆ. ಒಂದು ಸಲ ಬಿಟ್ಟ ಗಿರಾಕಿ ತಿರುಗಿ ಬರುವುದಿಲ್ಲ.

ಬೀಗಿತ್ತಿ

ಫೆಬ್ರವರಿ 24

ಬೀಗಿತ್ತಿ,

ನಲವತ್ತೆಂಟನ್ನು ಕ್ಲಾಸಿನ ಬೋರ್ಡಿನ ಮೇಲೆ ದೊಡ್ಡದಾಗಿ ಬರೆದೆ, ಏನೂ ವಿವರಿಸಲಿಲ್ಲ. ಮಕ್ಕಳು ಚಪ್ಪಾಳೆ ಹೊಡೆದರು. ನನ್ನ ಚಿತ್ರಕ್ಕೆ ಒಂದು ಕೆಲಸ ಸಿಕ್ಕಿದ್ದೂ ಸಂತೋಷ.

ಮೋಡಕ್ಕೆ ನನ್ನ ಹತ್ತಿರ ಉತ್ತರವಿಲ್ಲ. ಬೆಲ್ಲ ಹಚ್ಚಿ ಹೇಳುವುದನ್ನು ಇಬ್ಬರೂ ಬಿಟ್ಟಿದ್ದೇವಲ್ಲ, ಅದಕ್ಕೇ ನೇರವಾಗಿ ಹೇಳುತ್ತಿದ್ದೇನೆ. ಬಿಸಿಲಿಲ್ಲದ ದಿನ ನೀರು ಕಾಯುವುದಿಲ್ಲ. ಹಿಂದಿನ ದಿನದ್ದು ತೊಟ್ಟಿಯಲ್ಲಿ ಎಷ್ಟು ಉಳಿದಿರುತ್ತದೋ ಅಷ್ಟೇ. ಬಂದದ್ದನ್ನು ಹೆಚ್ಚಿಸಲಾಗದಿದ್ದರೆ ಹೋಗುವುದನ್ನು ತಡೆಯಬೇಕು. ಚಳಿಗೆ ತೆರೆದುಕೊಂಡ ಮೈಗೆ ಉಗುರುಬೆಚ್ಚಗಿನ ನೀರೂ ತಣ್ಣಗೇ. ಬೆಚ್ಚಗಿನ ಕೋಣೆಯಲ್ಲಿ ನಿಂತ ಮೈಗೆ ಅದೇ ನೀರು ಹಿತ. ಸುಮ್ಮನೆ ಕೂತ ಮನುಷ್ಯ ಕೂಡ ಹಳೆಯ ನೂರು ವ್ಯಾಟಿನ ಬಲ್ಬಿನಷ್ಟು ಶಾಖ ಬಿಡುತ್ತಲೇ ಇರುತ್ತಾನೆ. ಇದು ಪಾಠದಲ್ಲಿರುವ ಮಾತು, ನಿಮಗೆ ಉಪಯೋಗಕ್ಕೆ ಬರುತ್ತದೋ ಇಲ್ಲವೋ ನನಗೆ ತಿಳಿಯದು.

ನನಗೂ ಭಯವಿದೆ. ನಮ್ಮ ಹುಡುಗಿ ಏನೂ ಕೇಳುವುದಿಲ್ಲ. ಇಲ್ಲಿಯ ಆಸ್ಪತ್ರೆಯ ಡ್ಯೂಟಿ ಮುಗಿಸಿ ಬಂದು ನಗುನಗುತ್ತಲೇ ಇರುತ್ತಾಳೆ. ಆದರೆ ಮೊನ್ನೆ ಅವಳ ಅಮ್ಮ ಒಂದು ಸೀರೆ ತಂದರೆ, "ಈಗ್ಲೇ ಯಾಕಮ್ಮ, ಹಾಗೇ ಇಟ್ಟಿರು" ಎಂದು ಕವರನ್ನು ಬಿಚ್ಚಿಯೂ ನೋಡಲಿಲ್ಲ. ನಾನು ಹೋಗಿ ಹಿತ್ತಲಲ್ಲಿ ನಿಂತು ಬಂದೆ. ಮಗಳ ಮದುವೆಯ ವಿಷಯ ಮೋಡದ ಮೇಲೆ ನಿಂತಿದೆ ಎಂದರೆ ಯಾವ ತಂದೆಗೆ ನಿದ್ದೆ ಬಂದೀತು.

ಏನಾದರೂ ಆಗಲಿ, ಇದ್ದದ್ದನ್ನು ಇದ್ದ ಹಾಗೆ ಬರೆಯಿರಿ.

ಬೀಗ

ಮಾರ್ಚ್ 2

ಬೀಗರೇ,

ಇದ್ದದ್ದನ್ನು ಇದ್ದ ಹಾಗೆ ಬರೆಯುತ್ತಿದ್ದೇನೆ. ಮನೆಯವರನ್ನೂ ಕರೆದು ಕೂರಿಸಿಕೊಂಡು ಓದಿ.

ಇಪ್ಪತ್ತೇಳಕ್ಕೆ ಸಂಜೆಯವರೆಗೂ ಬಿಸಿಲಿತ್ತು. ಇಪ್ಪತ್ತೆಂಟಕ್ಕೆ ಬೆಳಗ್ಗಿನಿಂದ ಮೋಡ. ನಾನು ತಾರಸಿಗೆ ಹೋಗಿ ಬಂದದ್ದಕ್ಕೆ ಲೆಕ್ಕವಿಲ್ಲ, ಬಡಗಿ ಕೆಳಗಿನಿಂದ, "ನೀವು ನೋಡಿದ್ರೆ ಮೋಡ ಹೆದರುತ್ತಾ ಅಕ್ಕ?" ಎಂದು ಕೇಳಿದ. ಸೂರ್ಯ ಒಂದು ಸಲವೂ ಮುಖ ತೋರಿಸಲಿಲ್ಲ. ಒಂದನೆಯ ತಾರೀಕು ಬೆಳಗ್ಗೆ ಎದ್ದು, ಇಪ್ಪತ್ತೇಳರ ನೀರು ಉಳಿದಿದ್ದ ತೊಟ್ಟಿಗೆ ಕಡ್ಡಿ ಅದ್ದಿದರೆ ಮೂವತ್ತಾರು. ಬೆಚ್ಚಗಿದೆ ಎನ್ನಬಹುದು, ಬಿಸಿ ಎನ್ನಲು ಬಾಯಿ ಬರುವುದಿಲ್ಲ. ಹುಡುಗ ನೋಡಿದ. ಈ ಸಲ ಹೂಂ ಕೂಡ ಎನ್ನಲಿಲ್ಲ.

ನಾನು ದಿನದ ಅಭ್ಯಾಸದಂತೆ ಮೂಲೆಯಲ್ಲಿದ್ದ ಉದ್ದ ಕೋಲು ತೆಗೆದುಕೊಂಡು ಗವಾಕ್ಷಿಗಳನ್ನು ತೆರೆಯಲು ಹೋದೆ. ನಮ್ಮ ಸ್ನಾನದ ಮನೆಯಲ್ಲಿ ಮೇಲೆ ಸುತ್ತ ಆರು ಗವಾಕ್ಷಿಗಳಿವೆ. ನಮ್ಮ ಅತ್ತೆ ಬೆಳಗ್ಗೆ ಮೊದಲು ಮಾಡುತ್ತಿದ್ದ ಕೆಲಸ ಅದು, ನಾನು ಈ ಮನೆಗೆ ಬಂದ ಮೊದಲ ದಿನ ಕಲಿತ ಕೆಲಸವೂ ಅದೇ. ಕೋಲಿನ ತುದಿ ಗವಾಕ್ಷಿಗೆ ತಾಗಿದೆ, ಆಗ ಕೈ ನಿಂತಿತು. ನಾವು ಗವಾಕ್ಷಿ ತೆರೆಯುತ್ತಿದ್ದದ್ದು ಯಾಕೆ? ಹೊಗೆ ಹೋಗಲಿ ಎಂದು. ಇವತ್ತು ಹೊಗೆ ಎಲ್ಲಿದೆ? ಇಪ್ಪತ್ತನೇ ತಾರೀಕಿನಿಂದ ಒಲೆ ಹೊತ್ತಿಸಿಯೇ ಇಲ್ಲ, ಆದರೂ ದಿನಾ ಬೆಳಗ್ಗೆ ಎದ್ದು ಆರೂ ಗವಾಕ್ಷಿ ತೆರೆದು ಊರಿನ ಚಳಿಯನ್ನೆಲ್ಲ ಒಳಗೆ ಕರೆದುಕೊಂಡಿದ್ದೇನೆ. ಕೋಲನ್ನು ಅಲ್ಲೇ ಗೋಡೆಗೆ ಒರಗಿಸಿದೆ. ಹುಡುಗನಿಗೆ, "ಬಾಗಿಲೂ ಹಾಕೋ, ಬಂದವರನ್ನ ಹೊರಗೆ ಕ್ಯೂ ನಿಲ್ಲಿಸಬೇಡ, ಎಲ್ಲರನ್ನೂ ಒಳಗೇ ಕೂರಿಸು" ಎಂದೆ. ನಿಮ್ಮ ನೂರು ವ್ಯಾಟಿನ ಮಾತು ತಲೆಯಲ್ಲಿತ್ತು.

ಜನ ಬಂದರು. ಒಲೆ ಇಲ್ಲದೆ ಏನು ಮಾಡುತ್ತಾಳೋ ನೋಡೋಣ ಎಂದು ಸ್ನಾನ ಬೇಡದವರೂ ಬಂದರು. ಒಳಗೆ ಬೆಂಚಿನ ಮೇಲೆ, ಕಟ್ಟೆಯ ಮೇಲೆ, ನೆಲದ ಮೇಲೆ ಒತ್ತಿಕೊಂಡು ಕೂತರು. ನಾನು ಮುಂದೆ ನಿಂತು ಹೇಳಿದೆ: "ನೋಡ್ರಪ್ಪ, ನಿನ್ನೆ ಮೋಡ ಇತ್ತು. ನೀರು ಬೆಚ್ಚಗಿದೆ, ಬಿಸಿ ಇಲ್ಲ. ಇಷ್ಟವಿದ್ದೋರು ಸ್ನಾನ ಮಾಡಿ, ಇಲ್ಲದೋರು ಹೋಗ್ಬಹುದು, ನಂಗೇನೂ ಬೇಜಾರಿಲ್ಲ." ಬೇಜಾರಿಲ್ಲ ಎಂದದ್ದು ಮಾತ್ರ ಸುಳ್ಳು.

ಯಾರೂ ಏಳಲಿಲ್ಲ. ಮೊದಲು ಯಾರು ಹೋಗುತ್ತಾರೋ ನೋಡೋಣ ಎಂದು ಎಲ್ಲರೂ ಎಲ್ಲರ ಮುಖ ನೋಡುತ್ತ ಕೂತರು. ಹಾಗೆ ಕೂತಿದ್ದೇ ಒಳ್ಳೆಯದಾಯಿತು. ಸ್ವಲ್ಪ ಹೊತ್ತಿಗೆ ಪೇಪರಿನವನು ಮಫ್ಲರ್ ಬಿಚ್ಚಿದ. ಬೇಕರಿಯವರು ಸ್ವೆಟರ್ ತೆಗೆದರು. ಗೋಡೆಯ ಕನ್ನಡಿ ಮಂಜಾಯಿತು. ಹಾರ್ನ್ ಹಣೆ ಒರೆಸಿಕೊಂಡು, "ಏನಕ್ಕ, ಒಲೆ ಇಲ್ಲ ಅಂತೀರಿ, ಇಷ್ಟು ಸೆಕೆ ಎಲ್ಲಿಂದ?" ಎಂದ. "ನಿಮ್ಮಿಂದಾನೇ ಕಣಪ್ಪ" ಎಂದೆ. ಅವನಿಗೆ ಅರ್ಥವಾಗಲಿಲ್ಲ, ಬೆವರುತ್ತಿದ್ದದ್ದರಿಂದ ಎದ್ದು ಸ್ನಾನಕ್ಕೆ ಹೋದ. ನಾನು ಬಾಗಿಲಿಗೆ ಕಿವಿಯಿಟ್ಟು ನಿಂತೆ. ಒಳಗಿಂದ ಹಾಡಿಲ್ಲ, ಗೋಳಿಲ್ಲ. ನೀರು ಸುರಿಯುವ ಸದ್ದು ಮಾತ್ರ ನಿಧಾನಕ್ಕೆ, ಮತ್ತೆ ಮತ್ತೆ. ಹೊರಗೆ ಬಂದು ತಲೆ ಒರೆಸಿಕೊಳ್ಳುತ್ತ, "ಹಿತವಾಗಿದೆ, ಹೋಗ್ರೋ" ಎಂದ. ಆಮೇಲೆ ಟೋಕನ್ನಿಗೆ ನೂಕುನುಗ್ಗಲು. ಕೊನೆಯವನು ಮಿಂದು ಹೋಗುವ ಹೊತ್ತಿಗೆ ತೊಟ್ಟಿ ತಳ ಕಂಡಿತ್ತು. ಬೀಗರೇ, ನಾನು ಗೋಡೆಗೆ ಮುಖ ಮಾಡಿ ಅತ್ತೆ. ಸಂತೋಷಕ್ಕೇ ಅತ್ತೆ.

ಕಣ್ಣೊರೆಸಿಕೊಂಡು ತಿರುಗಿದರೆ ಹುಡುಗ ಇರಲಿಲ್ಲ. ಹೊರಗೆ ಬಂದು ನೋಡಿದೆ. ಸಮಯ ಬರೆಯುವ ಕರಿಹಲಗೆಯನ್ನು ಬಾಗಿಲ ಮುಂದೆ ಇಟ್ಟುಕೊಂಡು ಕುಕ್ಕರಗಾಲಲ್ಲಿ ಕೂತು ಸೀಮೆಸುಣ್ಣದಿಂದ ಏನೋ ಬರೆಯುತ್ತಿದ್ದ. ದೊಡ್ಡ ಅಕ್ಷರದಲ್ಲಿ "ಸ್ನಾನದ ಮನೆ ಮುಚ್ಚಿರುತ್ತದೆ" ಎಂದಿತ್ತು. ಇಷ್ಟೆಲ್ಲ ಆಗಿಯೂ ಇವನ ಮನಸ್ಸಿಗೆ ಬರಲಿಲ್ಲವೇ ಎಂದುಕೊಂಡೆ. ಅವನು ಪಕ್ಕಕ್ಕೆ ಸರಿದ ಮೇಲೆ ಕೆಳಗಿನ ಸಾಲು ಕಾಣಿಸಿತು: "ಏಪ್ರಿಲ್ 16 ರಂದು. ಮಾಲೀಕರ ಮಗನ ಮದುವೆ ಪ್ರಯುಕ್ತ."

ಅವನಾಗಿ ದಿನ ಗೊತ್ತುಮಾಡಿಬಿಟ್ಟಿದ್ದಾನೆ, ಹಿರಿಯರನ್ನು ಒಂದು ಮಾತು ಕೇಳಲಿಲ್ಲ. ನಿಮ್ಮ ಹುಡುಗಿಗೆ ಮಾತ್ರ ತಿಳಿಸಿದ್ದಾನೆ, ಅವಳು ಆ ವಾರ ರಜೆಗೂ ಬರೆದು ಕೊಟ್ಟಾಗಿದೆಯಂತೆ. ನಿಮಗೆ ಒಪ್ಪಿಗೆಯಿಲ್ಲದಿದ್ದರೆ ಈಗಲೇ ನೇರವಾಗಿ ಹೇಳಿ, ನಾನು ಅವನ ಕಿವಿ ಹಿಂಡುತ್ತೇನೆ.

ಹಾರ್ನ್ ಬಸ್ಸು ನಿಲ್ಲಿಸಿ ಇಳಿದು ಬಂದು ಹಲಗೆ ಓದಿದ. "ಅದೆಂಗೆ ಮುಚ್ತೀರಿ, ಮದುವೆಗೆ ನಾವೆಲ್ಲ ಸ್ನಾನ ಮಾಡದೇ ಬರೋದಾ?" ಎಂದು ಜಗಳಕ್ಕೆ ನಿಂತ. ಬಸ್ಸಿನಲ್ಲಿದ್ದವರೂ ಹೌದು ಹೌದು ಎಂದರು. ಕೊನೆಗೆ ಹುಡುಗ ಅದನ್ನು ಅಳಿಸಿ, ಅವತ್ತು ಬೆಳಗ್ಗೆ ಏಳರವರೆಗೆ ತೆರೆದಿರುತ್ತದೆ ಎಂದು ತಿದ್ದಿ ಬರೆದಿದ್ದಾನೆ. ಮದುವೆಯ ದಿನವೂ ನಾನು ಟೋಕನ್ ಹಂಚಬೇಕು ನೋಡಿ.

ನೀವೆಲ್ಲರೂ ಹಿಂದಿನ ರಾತ್ರಿಯ ಗಾಡಿಗೇ ಬನ್ನಿ. ಬೆಳಗ್ಗೆ ಬೇಗ ಎದ್ದು ಮೊದಲೇ ಸಾಲಿನಲ್ಲಿ ನಿಲ್ಲಿ. ಬೀಗರು ಎಂದು ನಿಮಗೆ ಬೇರೆ ನೀರು ಕಾಯಿಸಲು ಆಗುವುದಿಲ್ಲ.

ಬೀಗಿತ್ತಿ